ಪದ ಊರಿನದು, ಗಲ್ಲಾಪೆಟ್ಟಿಗೆ ಯಾರದು?

ಪೇಟೆಗೆ ಹೊಸ ಮಾತೊಂದು ಬಂದಿದೆ. 'ಇಂಡಿ' ಸಂಗೀತವಂತೆ. ಇಂಗ್ಲಿಷಿನಲ್ಲಿ ಸ್ವತಂತ್ರ ಎಂಬರ್ಥದ ಪದವನ್ನು ಅರ್ಧಕ್ಕೆ ಕತ್ತರಿಸಿ ಮಾಡಿಕೊಂಡ ಮಾತು ಅದು. ಸಿನಿಮಾ ಕಂಪೆನಿಯ ಹಂಗಿಲ್ಲದೆ ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ, ಗಿಟಾರು ಹಿಡಿದು ಹಾಡಿ ಆಲ್ಬಮ್ಮು ಹೊರತರುವವನು ಇಂಡಿ ಗಾಯಕ. ಅದಕ್ಕೆ ಹಳ್ಳಿಯ ಹಾಡಿನ ಕಂಪು ಸೇರಿಬಿಟ್ಟರೆ 'ಇಂಡಿ ಜಾನಪದ'. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳಿಗೆ ಇದರ ಮೇಲೆ ಬಹಳ ಪ್ರೀತಿ. ಸಂತೋಷ. ಆದರೆ ಗಿರಣಿಯಲ್ಲಿ ದುಡಿಯುವವನೂ ಅಂಗಡಿ ಇಟ್ಟು ಬದುಕುವವನೂ ಯಾವ ಸರಕನ್ನು ಕಂಡರೂ ಕೇಳುವ ಪ್ರಶ್ನೆ ಒಂದಿದೆ: ಇದರ ಕಚ್ಚಾಮಾಲು ಎಲ್ಲಿಂದ ಬಂತು, ಕೂಲಿ ಯಾರಿಗೆ ಎಷ್ಟು ಹೋಯಿತು, ಉಳಿದದ್ದು ಯಾರ ಗಲ್ಲಾಪೆಟ್ಟಿಗೆ ಸೇರಿತು? ಸಕ್ಕರೆಯ ವಿಷಯದಲ್ಲಿ ಕೇಳುವ ಈ ಪ್ರಶ್ನೆಯನ್ನು ಹಾಡಿನ ವಿಷಯದಲ್ಲಿ ಕೇಳಬಾರದೆಂದು ಯಾವ ಶಾಸ್ತ್ರ ಹೇಳುತ್ತದೆ?

ಗಾಳಿಯಲ್ಲಿ ಗುದ್ದಾಡುವುದು ಬೇಡ. ಎಲ್ಲರೂ ಕೇಳಿರುವ ಒಂದು ಆಲ್ಬಮ್ಮನ್ನೇ ತೆಗೆದುಕೊಳ್ಳೋಣ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು 2008ರಲ್ಲಿ ತಮ್ಮ ಹೆಸರಿನದೇ ಆಲ್ಬಮ್ಮನ್ನು ಹೊರತಂದರು. ದೊಡ್ಡ ದೊಡ್ಡ ಕಂಪೆನಿಗಳು ಅವರನ್ನು ವರ್ಷಗಟ್ಟಲೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದವು ಎಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಮುಂಬಯಿಯ ಚಿತ್ರಸಂಗೀತಗಾರರಾದ ವಿಶಾಲ್ ಮತ್ತು ಶೇಖರ್ ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಎಂಬ ಸಂಸ್ಥೆಯಿಂದ ಅದನ್ನು ಬಿಡುಗಡೆ ಮಾಡಿದರು. ಪಂಚೆ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ಕನ್ನಡಿಗ 2010ರಲ್ಲಿ ಬಿ.ಬಿ.ಸಿ. ದೂರದರ್ಶನದಲ್ಲಿ ಹಾಡಿದರು, 2011ರಲ್ಲಿ ಇಂಗ್ಲೆಂಡಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿಯನ್ನು ಪಡೆದರು. ಅವರ ಗಂಟಲಿಗೂ ಛಲಕ್ಕೂ ನಮ್ಮ ನಮಸ್ಕಾರವಿದೆ.

ಆ ಆಲ್ಬಮ್ಮಿನಲ್ಲಿ ಹೆಚ್ಚಿನವು ಹಿಂದಿ ಹಾಡುಗಳು. ಕನ್ನಡದವು ಎರಡು: ಮಾಳಿಗೆ ಸೋರುವ ಪದ ಒಂದು, ಗುಡುಗುಡಿಯ ಪದ ಇನ್ನೊಂದು. ಎರಡೂ ಶಿಶುನಾಳ ಷರೀಫ ಸಾಹೇಬರವು. ಸಾಹೇಬರು ಹುಟ್ಟಿದ್ದು 1819ರಲ್ಲಿ, ತೀರಿದ್ದು 1889ರಲ್ಲಿ. ಗ್ರಾಮಾಫೋನು ತಟ್ಟೆ ನಮ್ಮ ದೇಶಕ್ಕೆ ಕಾಲಿಡುವ ಮೊದಲೇ ಅವರು ಹೋದರು. ಹಾಗಾದರೆ ಅವರ ಪದ ದೀಕ್ಷಿತರ ಗಿಟಾರಿನವರೆಗೆ ಹೇಗೆ ಬಂತು? ಧಾರವಾಡ, ಹಾವೇರಿ ಸೀಮೆಯ ಭಜನೆಯ ಮೇಳಗಳು ಹಗಲು ಹೊಲದಲ್ಲಿ ಬೆವರು ಹರಿಸಿ, ರಾತ್ರಿ ಗುಡಿಯ ಕಟ್ಟೆಯ ಮೇಲೆ ಕುಳಿತು ಬಾಯಿಂದ ಬಾಯಿಗೆ ಅದನ್ನು ಸಾಗಿಸಿದವು. ಅಚ್ಚಿಗೆ ಬಂದದ್ದು ಆಮೇಲೆ. ಸಿ. ಅಶ್ವತ್ಥರು ಹಾಡಿ ನಾಡಿಗೆಲ್ಲ ಹಂಚಿದ್ದು, 1990ರಲ್ಲಿ ನಾಗಾಭರಣರ ಚಲನಚಿತ್ರ ಬಂದದ್ದು ಇನ್ನೂ ಆಮೇಲೆ. ಅಂದರೆ ಒಂದು ಶತಮಾನದ ಉಸ್ತುವಾರಿಯ ಕೆಲಸವನ್ನು ಹೆಸರಿಲ್ಲದ ದುಡಿಮೆಗಾರರು ಮಾಡಿದ್ದಾರೆ. ಸಂಬಳವಿಲ್ಲದೆ ಮಾಡಿದ್ದಾರೆ.

ಈಗ ಕಾನೂನು ಏನು ಹೇಳುತ್ತದೆ ನೋಡಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಷರೀಫರ ಪದಕ್ಕೆ ಇಂದು ಒಡೆಯರಿಲ್ಲ. ಯಾರು ಬೇಕಾದರೂ ಹಾಡಬಹುದು. ಒಳ್ಳೆಯದೇ. ಆದರೆ ಆ ಪದವನ್ನು ಯಂತ್ರದಲ್ಲಿ ಮುದ್ರಿಸಿ ಮಾರಾಟಕ್ಕೆ ಬಿಟ್ಟವರಿಗೆ ಆ ಧ್ವನಿಮುದ್ರಣದ ಮೇಲೆ 60 ವರ್ಷಗಳ ಒಡೆತನವಿದೆ. ಅವಧಿಯನ್ನು ಬಿಡುಗಡೆಯ ಮುಂದಿನ ವರ್ಷದಿಂದ ಎಣಿಸುತ್ತಾರಾದ್ದರಿಂದ 2008ರಲ್ಲಿ ಹೊರಬಂದ ಧ್ವನಿಮುದ್ರಣಕ್ಕೆ 2068ರ ಕೊನೆಯವರೆಗೂ ಯಜಮಾನನಿರುತ್ತಾನೆ. ನೂರು ವರ್ಷ ಕಾದವರ ಪಾಲು ಸೊನ್ನೆ, ಕೆಲವು ದಿನ ಸ್ಟುಡಿಯೋ ಬಾಡಿಗೆ ಕೊಟ್ಟವರ ಪಾಲು ಅರವತ್ತು ವರ್ಷ! ಇಲ್ಲಿ ಯಾರೂ ಕಾನೂನು ಮುರಿದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕಾನೂನು ಹೀಗಿದೆ ಎಂಬುದೇ ನಮ್ಮ ದೂರು.

ದೀಕ್ಷಿತರ ಮೇಲಾಗಲಿ ಗಿಟಾರಿನ ಮೇಲಾಗಲಿ ನಮಗೆ ಜಗಳವಿಲ್ಲ. ಬಾಗಿಲು ಬಾಗಿಲು ಅಲೆದು, ಬಂಡವಾಳ ಇದ್ದವನ ಕೃಪೆಗೆ ಕಾಯಬೇಕಾಗಿ ಬಂದ ಹಾಡುಗಾರನೂ ದುಡಿಮೆಗಾರನೇ. ಸ್ವತಂತ್ರ ಗಾಯಕನೆಂಬುವನಿಗೂ ತಟ್ಟೆ ಒತ್ತಿಸಲು, ಅಂಗಡಿಗೆ ತಲುಪಿಸಲು, ಪ್ರಚಾರ ಮಾಡಲು ಇನ್ನೊಬ್ಬನ ಥೈಲಿ ಬೇಕಾಯಿತು. ಅವನಿಗೇ ಹೀಗಾದರೆ ಆತಗೂರು ಹೋಬಳಿಯ ಸೋಬಾನೆ ಪದದ ಹೆಂಗಸಿನ ಪಾಡೇನು?

ಈಗ ನಮ್ಮ ಸೀಮೆಗೇ ಬರೋಣ. ಮದ್ದೂರು, ಮಳವಳ್ಳಿಯ ಹಾಡಿನ ಆಸ್ತಿ ಸಣ್ಣದಲ್ಲ. ಮಾದಪ್ಪನ ಪದ ಹೇಳುವ ಕಂಸಾಳೆಯ ದೇವರಗುಡ್ಡರು, ಮಂಟೇಸ್ವಾಮಿ ಸಿದ್ದಪ್ಪಾಜಿಯರ ಕತೆಯನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹೇಳುವ ನೀಲಗಾರರು, ಪೂಜಾ ಕುಣಿತದವರು, ಕೋಲಾಟದವರು, ಮದುವೆ ಚಪ್ಪರದ ಸೋಬಾನೆಯವರು, ನಾಟಿ ಗದ್ದೆಯಲ್ಲಿ ಸೊಂಟ ಬಗ್ಗಿಸಿಕೊಂಡೇ ಪದ ಎತ್ತಿಕೊಡುವ ಕೂಲಿ ಹೆಣ್ಣಾಳುಗಳು. ನೀಲಗಾರರ ದೊಡ್ಡ ನೆಲೆಗಳಲ್ಲಿ ಒಂದಾದ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ. ಇವರಲ್ಲಿ ಬಹುಪಾಲು ಜನ ಭೂಮಿಯಿಲ್ಲದವರು, ಇಲ್ಲವೆ ಗೇಣುದ್ದ ಭೂಮಿಯವರು. ಹಾಡಿಗೆ ಸಿಕ್ಕುವ ಸಂಭಾವನೆ ಎಂದರೆ ಎಲೆ ಅಡಿಕೆ, ಒಂದು ಊಟ, ಮಡಿಲಿಗಿಷ್ಟು ಅಕ್ಕಿ, ಹೆಚ್ಚೆಂದರೆ ಒಂದು ಕುಪ್ಪಸದ ಕಣ. ಈಗ ಅದೂ ಇಲ್ಲ. ಮದುವೆ ಛತ್ರಕ್ಕೆ ಹೋಯಿತು, ಛತ್ರಕ್ಕೆ ಡಿ.ಜೆ. ಬಂದ.

'ಸೋಜುಗದ ಸೂಜುಮಲ್ಲಿಗೆ' ಎಂಬ ಮಾದಪ್ಪನ ಪದವನ್ನು ತಿಳಿಯದವರು ಇಂದು ನಾಡಿನಲ್ಲಿ ಕಡಿಮೆ. ಬೆಟ್ಟಕ್ಕೆ ನಡೆದು ಹೋಗುವವರ ಬಾಯಲ್ಲಿ ಹರಿದಾಡುತ್ತಿದ್ದ ಈ ಪದ 2021ರಲ್ಲಿ 'ಗರುಡ ಗಮನ ವೃಷಭ ವಾಹನ' ಎಂಬ ಹೊಡೆದಾಟದ ಚಲನಚಿತ್ರದಲ್ಲಿ ಬಂದು ದೇಶವನ್ನೆಲ್ಲ ಸುತ್ತಿತು. ಅದಕ್ಕೂ ಮೊದಲು, ಅದರ ನಂತರ, ಹಲವರು ಹಲವು ಬಗೆಯಲ್ಲಿ ಹಾಡಿ ಬಿಡುಗಡೆ ಮಾಡಿದ್ದಾರೆ. ಚೆನ್ನಾಗಿಯೇ ಹಾಡಿದ್ದಾರೆ. ಒಂದೊಂದು ಧ್ವನಿಮುದ್ರಣಕ್ಕೂ ಒಬ್ಬೊಬ್ಬ ಯಜಮಾನ. ಪದದ ಮೇಲೆ 'ಜಾನಪದ' ಎಂಬ ಒಂದು ಮಾತು ಬರೆದರೆ ಸಾಕು, ಋಣ ತೀರಿತು! ಯಾವ ಊರಿನ ಯಾವ ಗುಡ್ಡಪ್ಪನ ಬಾಯಿಂದ ಕಲಿತದ್ದು ಎಂದು ಹೇಳುವ ಕಟ್ಟುಪಾಡು ಎಲ್ಲಿಯೂ ಇಲ್ಲ. ಇನ್ನೂ ಒಂದು ವಿನೋದವಿದೆ. ಮೈಸೂರು ಮಲ್ಲಿಗೆಯ ಹೂವಿಗೆ ಸರಕಾರದ ಭೌಗೋಳಿಕ ಗುರುತಿನ ರಕ್ಷಣೆ ಇದೆ, ಚನ್ನಪಟ್ಟಣದ ಗೊಂಬೆಗೂ ಇದೆ. ಬೇರೆ ಊರಿನವನು ಆ ಹೆಸರಿಟ್ಟು ಮಾರುವಂತಿಲ್ಲ. ಮಾದಪ್ಪನ ಮುಡಿಯ ಸೂಜುಮಲ್ಲಿಗೆಗೆ ಮಾತ್ರ ಯಾವ ಬೇಲಿಯೂ ಇಲ್ಲ.

ಮದ್ದೂರು ವಡೆಯನ್ನೂ ಯಾರು ಬೇಕಾದರೂ ಕರಿಯುತ್ತಾರಲ್ಲ ಎಂದು ಅಂಗಡಿಯ ಮಿತ್ರರು ಕೇಳಬಹುದು. ಸರಿ. ಆದರೆ ನೀವು ಕರಿದ ವಡೆಯನ್ನು ತಿಂದವನು ನಿಮಗೆ ದುಡ್ಡು ಕೊಡುತ್ತಾನೆ. ಪಕ್ಕದ ಅಂಗಡಿಯವನು ನಿಮ್ಮ ಬಾಣಲೆಯಿಂದಲೇ ವಡೆ ಎತ್ತಿಕೊಂಡು ಹೋಗಿ, ಅದರ ಮೇಲೆ ತನ್ನ ಮುದ್ರೆ ಒತ್ತಿ, ಅರವತ್ತು ವರ್ಷ ಬಾಡಿಗೆ ವಸೂಲು ಮಾಡಿದರೆ ಸುಮ್ಮನಿರುತ್ತೀರಾ?

ವ್ಯಾಪಾರಿಗಳಿಗೆ ಈ ವಿಷಯ ಇನ್ನೊಂದು ಕಡೆಯಿಂದಲೂ ತಟ್ಟುತ್ತದೆ. ಕಾಫಿ ಹೋಟೆಲಿನಲ್ಲೋ ಬಟ್ಟೆ ಅಂಗಡಿಯಲ್ಲೋ ಧ್ವನಿಮುದ್ರಣದ ಹಾಡು ಹಾಕಲು ಹಕ್ಕುದಾರರ ಪರವಾನಗಿ ಬೇಕೆಂದು ಕಾನೂನು ಹೇಳುತ್ತದೆ. ಮದುವೆಯ ಸಮಾರಂಭಕ್ಕೆ ವಿನಾಯಿತಿ ಇದೆ, ಅಂಗಡಿಗಿಲ್ಲ. ಹೀಗಾಗಿ ಆತಗೂರಿನ ಹೋಟೆಲಿನವನು ತನ್ನ ತಾತ ಬೆಟ್ಟದ ದಾರಿಯಲ್ಲಿ ಹಾಡುತ್ತಿದ್ದ ಪದವನ್ನು ಬೆಳಗಿನ ಹೊತ್ತು ಗಿರಾಕಿಗಳಿಗೆ ಕೇಳಿಸಬೇಕಾದರೆ ಮುಂಬಯಿಗೋ ಚೆನ್ನೈಗೋ ಕಂದಾಯ ಕಟ್ಟಬೇಕು!

ಕ್ಯಾಸೆಟ್ಟಿನ ಕಾಲ ಇದಕ್ಕಿಂತ ಮೇಲಾಗಿತ್ತೆಂದು ಕೆಲವರು ನಿಟ್ಟುಸಿರು ಬಿಡುತ್ತಾರೆ. ಒಂದು ಮಾತಿಗೆ ಅದು ನಿಜ. ಅಲ್ಲಿಯವರೆಗೆ ತಟ್ಟೆಯ ವ್ಯಾಪಾರ ಬಹುಮಟ್ಟಿಗೆ ನಾಯಿಯ ಗುರುತಿನ ಒಂದೇ ಕಂಪೆನಿಯ ಮುಷ್ಟಿಯಲ್ಲಿತ್ತು. 1980ರ ದಶಕದಲ್ಲಿ ಕ್ಯಾಸೆಟ್ಟು ಅಗ್ಗವಾದ ಮೇಲೆ ಸಣ್ಣ ಕಂಪೆನಿಗಳು ಹುಟ್ಟಿದವು, ಹಳ್ಳಿಯ ಗಂಟಲಿಗೂ ಪೇಟೆ ಸಿಕ್ಕಿತು. ಮಳವಳ್ಳಿ ಮಹದೇವಸ್ವಾಮಿಯವರ ಮಾದಪ್ಪನ ಕತೆ ಬಸ್ಸಿನಲ್ಲಿ, ಗಿರಣಿಯ ಮುಂದಿನ ಟೀ ಅಂಗಡಿಯಲ್ಲಿ, ಜಾತ್ರೆಯ ಮೈಕಿನಲ್ಲಿ ಮೊಳಗಿತು. ಬಸ್ ನಿಲ್ದಾಣದ ಪಕ್ಕದ ಕ್ಯಾಸೆಟ್ಟು ಅಂಗಡಿಯವನಿಗೂ ನಾಲ್ಕು ಕಾಸು ಬಂತು. ಆದರೆ ಹಾಡಿದವರಿಗೆ? ಒಂದು ಸಲ ಇಡುಗಂಟು ಕೊಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಆ ವ್ಯಾಪಾರದ ಸಾಮಾನ್ಯ ರೀತಿಯಾಗಿತ್ತು. ಹತ್ತು ಸಾವಿರ ಮಾರಿದರೂ ಅಷ್ಟೇ, ಹತ್ತು ಲಕ್ಷ ಮಾರಿದರೂ ಅಷ್ಟೇ. ಲೆಕ್ಕ ಕೇಳುವವರಿಲ್ಲ, ಕೊಡುವವರಿಲ್ಲ.

ಕ್ಯಾಸೆಟ್ಟು ಹೋಯಿತು, ಅಂಗಡಿಯೂ ಹೋಯಿತು. ಹಾಡು ಈಗ ಮೊಬೈಲಿನೊಳಗೆ ಸೇರಿದೆ. ನೇರವಾಗಿ ಲೋಕಕ್ಕೇ ಹಾಡಬಹುದು, ಮಧ್ಯವರ್ತಿ ಇಲ್ಲ ಎಂದು ಇದನ್ನು ಹೊಗಳುವವರಿದ್ದಾರೆ. ಮಧ್ಯವರ್ತಿ ಎಲ್ಲಿಗೂ ಹೋಗಿಲ್ಲ. ಸ್ವೀಡನ್ನಿನಲ್ಲಿ, ಅಮೆರಿಕಾದಲ್ಲಿ ಕುಳಿತಿದ್ದಾನೆ. 2019ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಪಾಟಿಫೈ ಎಂಬ ಕಂಪೆನಿಯ ಲೆಕ್ಕವನ್ನು ನೋಡಿ. ಚಂದಾದಾರರ ಹಣವನ್ನೆಲ್ಲ ಒಂದೇ ಕಣಜಕ್ಕೆ ಸುರಿಯುತ್ತಾರೆ. ಒಟ್ಟು ಕೇಳಿಕೆಯಲ್ಲಿ ಯಾರ ಹಾಡು ಎಷ್ಟು ಪಾಲೋ ಅಷ್ಟು ಪಾಲು ಹಣ ಆ ಹಾಡಿನ ಹಕ್ಕುದಾರನಿಗೆ. ನೀವು ತಿಂಗಳೆಲ್ಲ ನೀಲಗಾರರ ಪದವನ್ನು ಬಿಟ್ಟು ಬೇರೇನನ್ನೂ ಕೇಳದಿದ್ದರೂ ನಿಮ್ಮ ಚಂದಾದ ಬಹುಭಾಗ ಹೋಗುವುದು ಲೋಕವೆಲ್ಲ ಕೇಳುವ ಸಿನಿಮಾ ಹಾಡಿನವರಿಗೆ. 2024ರಿಂದ ಇನ್ನೊಂದು ಕಟ್ಟಳೆ ಬಂತು: ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸೇ ಇಲ್ಲ. ಅದರ ಪಾಲೂ ಹೆಚ್ಚು ಕೇಳುವ ಹಾಡುಗಳಿಗೇ ಸಲ್ಲುತ್ತದೆ. ಹೋಬಳಿಯ ಹಾಡುಗಾರ್ತಿಯ ಪದವನ್ನು ಒಂಬೈನೂರು ಮಂದಿ ಕೇಳಿದರೆ ಅದು ಕೇಳಿದಂತಲ್ಲ! ಸಣ್ಣ ಹಿಡುವಳಿದಾರನ ಕಬ್ಬು ಒಂದು ಗಾಡಿಗಿಂತ ಕಡಿಮೆಯಿದ್ದರೆ ಬೆಲೆಯಿಲ್ಲದೆ ಅರೆದುಕೊಳ್ಳುತ್ತೇವೆ ಎಂದು ಕಾರ್ಖಾನೆಯವನು ಹೇಳಿದರೆ ಈ ಜಿಲ್ಲೆಯಲ್ಲಿ ಏನಾಗುತ್ತಿತ್ತೆಂದು ಬಲ್ಲಿರಿ.

ಕಬ್ಬಿನ ಮಾತು ಬಂತು, ಅದನ್ನೇ ಮುಂದುವರಿಸೋಣ. ಮಂಡ್ಯದಲ್ಲಿ ಸಕ್ಕರೆ ಕಂಪೆನಿ 1933ರಲ್ಲಿ ಸ್ಥಾಪನೆಯಾದಂದಿನಿಂದ ತೂಕದಲ್ಲಿ, ಇಳುವರಿಯಲ್ಲಿ, ಬಟವಾಡೆಯಲ್ಲಿ ರೈತ ಪಟ್ಟ ಪಾಡು ನಮಗೆ ಹೊಸದಲ್ಲ. ಆದರೂ ಕಬ್ಬಿಗೊಂದು ಕಾನೂನಿದೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ ಕಟ್ಟಬೇಕು. ಕಾರ್ಖಾನೆಗಳು ಅದನ್ನು ಪಾಲಿಸದಿದ್ದಾಗ ರೈತರು ರಸ್ತೆಗಿಳಿದಿದ್ದಾರೆ; ಇಳಿಯಲು ಕಾಲ ಕೆಳಗೆ ಒಂದು ಕಾನೂನಿನ ನೆಲವಿತ್ತು. ಹಾಡು ಒಪ್ಪಿಸಿದವರಿಗೆ ಎಷ್ಟು ದಿನದಲ್ಲಿ ಹಣ? ಯಾವ ತೂಕದ ಯಂತ್ರ? ಎಷ್ಟು ಸಲ ಮೊಳಗಿತು ಎಂದು ಎಣಿಸುವ ಕಾಟಾ ಇರುವುದು ಕೊಳ್ಳುವವನ ಮನೆಯೊಳಗೆ, ಅದರ ಚೀಟಿ ಬರುವುದು ಅವನ ಕೈಯಿಂದ.

ಹಾಡಿನ ಈ ಸುಲಿಗೆಗೆ ದೇಶಕಾಲದ ಎಲ್ಲೆ ಇಲ್ಲ. ದಕ್ಷಿಣ ಆಫ್ರಿಕಾದ ಸೊಲೊಮನ್ ಲಿಂಡಾ ಎಂಬ ಜುಲು ಕಾರ್ಮಿಕನ ಕತೆಯನ್ನು ನಮ್ಮ ಗಿರಣಿಯ ಬಂಧುಗಳು ತಿಳಿದಿರಬೇಕು. ಜೋಹಾನ್ಸ್‌ಬರ್ಗಿನ ಗ್ಯಾಲೋ ಎಂಬ ಧ್ವನಿಮುದ್ರಣ ಕಂಪೆನಿಯಲ್ಲಿ ಅವನು ಆಳು. 1939ರಲ್ಲಿ ಅದೇ ಕಂಪೆನಿಗೆ 'ಎಂಬೂಬೆ' ಎಂಬ ಪದವನ್ನು ಹಾಡಿಕೊಟ್ಟ. ಎಂಬೂಬೆ ಎಂದರೆ ಸಿಂಹ. ಹಕ್ಕನ್ನೆಲ್ಲ ಹತ್ತು ಶಿಲ್ಲಿಂಗಿಗೆ ಕಂಪೆನಿ ಬರೆಸಿಕೊಂಡಿತು. ಆ ರಾಗ ಅಮೆರಿಕಾಕ್ಕೆ ಹೋಗಿ, ಬೇರೆ ಮಾತು ತೊಟ್ಟು, ಬೇರೆಯವರ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿತು. ಡಿಸ್ನಿ ಕಂಪೆನಿಯ ಸಿಂಹದ ಚಿತ್ರದಲ್ಲೂ ಬಂತು. ಲಿಂಡಾ 1962ರಲ್ಲಿ ಬಡವನಾಗಿಯೇ ಸತ್ತ. ಅವನ ಹೆಣ್ಣುಮಕ್ಕಳು ನ್ಯಾಯಾಲಯದ ಮೆಟ್ಟಿಲು ಹತ್ತಿ 2006ರಲ್ಲಿ ರಾಜಿಯಾಗಿ ಒಂದಷ್ಟು ಹಣ ಪಡೆದರು. ಅವರಿಗೆ ಅಷ್ಟಾದರೂ ದಕ್ಕಿದ್ದೇಕೆ? ಪದ ಕಟ್ಟಿದವನಿಗೆ ಒಂದು ಹೆಸರಿತ್ತು, ಕಾಗದದಲ್ಲಿ ಒಂದು ಸಹಿ ಇತ್ತು. ನಮ್ಮ ನಾಟಿಗದ್ದೆಯ ಪದಕ್ಕೆ ಅದೂ ಇಲ್ಲ.

ಇದಕ್ಕೆ ಎದುರಾಗಿ ಎರಡು ಮಾತು ಬರುತ್ತವೆ. ಜಾನಪದ ಎಲ್ಲರ ಸೊತ್ತು, ಅದಕ್ಕೆ ಬೆಲೆ ಕಟ್ಟಿದರೆ ಹಾಡುವವರೇ ಇಲ್ಲದೆ ಅದು ಸಾಯುತ್ತದೆ ಎಂಬುದು ಒಂದು. ಎಲ್ಲರ ಸೊತ್ತು ಎಂಬುದನ್ನು ಮೊದಲು ಒಪ್ಪುವವರು ನಾವೇ. ಎಲ್ಲರ ಕೆರೆಯಿಂದ ಕೊಡದಲ್ಲಿ ನೀರು ತರುವವನನ್ನು ಯಾರೂ ತಡೆಯುವುದಿಲ್ಲ. ಕೊಳಾಯಿ ಹಾಕಿ ಬಾಟಲಿಯಲ್ಲಿ ತುಂಬಿ ಮಾರುವವನಿಂದ ಪಂಚಾಯಿತಿ ತೆರಿಗೆ ಕೇಳುತ್ತದೆ. ಚಪ್ಪರದಲ್ಲಿ, ಗದ್ದೆಯಲ್ಲಿ, ಶಾಲೆಯಲ್ಲಿ, ಚಳವಳಿಯಲ್ಲಿ ಹಾಡುವವರಿಗೆ ಒಂದು ಕಾಸಿನ ಹೊರೆಯೂ ಬೇಡ. ಆಲ್ಬಮ್ಮು ಮಾಡಿ ಮಾರುವ ಕಂಪೆನಿ ಕೊಡಲಿ. ಇದೇನೂ ಆಕಾಶಪುಷ್ಪವಲ್ಲ. ಹಕ್ಕಿನ ಅವಧಿ ತೀರಿದ ಕೃತಿಗಳನ್ನು ವ್ಯಾಪಾರಕ್ಕೆ ಬಳಸುವವರಿಂದ ಸಣ್ಣ ಶುಲ್ಕವೆತ್ತಿ ಕಲೆಯ ನಿಧಿಗೆ ಹಾಕುವ ಏರ್ಪಾಡನ್ನು ಅರ್ಜೆಂಟೈನಾ ದೇಶ 1958ರಲ್ಲಿಯೇ ಮಾಡಿತು.

ಆಲ್ಬಮ್ಮಿನವರು ಮುದ್ರಿಸದಿದ್ದರೆ ಹಾಡು ಎಂದೋ ಮಾಯವಾಗುತ್ತಿತ್ತು, ಉಪಕಾರ ನೆನೆಯಿರಿ ಎಂಬುದು ಇನ್ನೊಂದು ಮಾತು. ಮುದ್ರಿಸಿದವರಲ್ಲಿ ನಮ್ಮ ನಾಗಮಂಗಲದ ಎಚ್.ಎಲ್. ನಾಗೇಗೌಡರೂ ಇದ್ದರು. ಊರೂರು ತಿರುಗಿ ಪದ ಕೂಡಿಸಿ, ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಜಾನಪದ ಲೋಕವನ್ನು ನಿಲ್ಲಿಸಿದರು. ಮದ್ದೂರಿನಿಂದ ಬೆಂಗಳೂರಿಗೆ ಹೋಗುವವರು ಇಳಿದು ನೋಡಬಹುದು. ಉಳಿಸುವುದಕ್ಕಾಗಿ ಮುದ್ರಿಸುವುದು ಬೇರೆ, ಮಾರುವುದಕ್ಕಾಗಿ ಮುದ್ರಿಸುವುದು ಬೇರೆ. ಮಾರುವವನು ಉಪಕಾರದ ಮಾತಾಡಿದರೆ ಅವನ ಲೆಕ್ಕದ ಪುಸ್ತಕ ತೋರಿಸೆಂದು ಕೇಳಬೇಕು.

ಸರಕಾರವೇನು ಮಾಡುತ್ತಿದೆ? ಜಾನಪದ ಅಕಾಡೆಮಿ ಇದೆ. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವೂ ಇದೆ, ಅದೂ ಷರೀಫ ಸಾಹೇಬರ ಶಿಗ್ಗಾವಿ ತಾಲ್ಲೂಕಿನಲ್ಲೇ! ವರ್ಷಕ್ಕೊಮ್ಮೆ ಶಾಲು, ಹಾರ, ಫಲಕ; ಮುದುಕರಾದ ಮೇಲೆ ಅರ್ಜಿ ಹಾಕಿ ಅಲೆದರೆ ಮಾಸಾಶನ. ಮಂತ್ರಿ ಮಹಾಶಯರ ಪಕ್ಕದಲ್ಲಿ ತಮಟೆ ಹಿಡಿದು ನಿಂತ ಕಲಾವಿದನ ಭಾವಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಭಿಕ್ಷೆಯ ರೂಪದಲ್ಲಿ ಬರುವುದನ್ನು ಹಕ್ಕಿನ ರೂಪದಲ್ಲಿ ಕೊಡಿ ಎಂದರೆ ಮಾತ್ರ ಎಲ್ಲರೂ ಕಡತ ಹುಡುಕುತ್ತಾರೆ. ಯಾವ ಪದ ಯಾವ ಊರಿನದು, ಯಾವ ಮನೆತನ, ಯಾವ ಮೇಳ ಅದನ್ನು ಕಾಪಾಡಿಕೊಂಡು ಬಂದಿದೆ ಎಂದು ಹೋಬಳಿವಾರು ಒಂದು ದಫ್ತರು ಬರೆಯಲು ವಿಶ್ವವಿದ್ಯಾಲಯಕ್ಕೆ ಎಷ್ಟು ವರ್ಷ ಬೇಕು? ಆತಗೂರು ಹೋಬಳಿಯಿಂದಲೇ ಶುರು ಮಾಡಲಿ, ಹಾಡುಗಾರ್ತಿಯರನ್ನು ನಾವೇ ತೋರಿಸಿಕೊಡುತ್ತೇವೆ. ಆ ದಫ್ತರಿನಲ್ಲಿರುವ ಪದವನ್ನು ಆಲ್ಬಮ್ಮಿಗೆ ಬಳಸುವವರು ಊರಿನ ಮತ್ತು ಮೇಳದ ಹೆಸರು ಹಾಕಬೇಕು, ಬಂದ ಹಣದಲ್ಲಿ ಒಂದು ಪಾಲನ್ನು ಆ ಹೋಬಳಿಯ ಕಲಾವಿದರ ನಿಧಿಗೆ ಕಟ್ಟಬೇಕು. ಇಷ್ಟನ್ನು ವಿಧಾನಸಭೆಯಲ್ಲಿ ಕೇಳಲು ನಮ್ಮ ಜಿಲ್ಲೆಯ ಪ್ರತಿನಿಧಿಗಳಿಗೆ ನಾಲಿಗೆಯಿಲ್ಲವೇ?

ಹೊಸ ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಇರುವ ಕಾನೂನಿನಲ್ಲೇ ಕೆಲವು ಆಯುಧಗಳಿವೆ, ಅವು ಹಳ್ಳಿಯವರೆಗೆ ತಲುಪಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆ ತಿದ್ದುಪಡಿಯಾಯಿತು. ಕವಿ ಜಾವೇದ್ ಅಖ್ತರ್ ಮೊದಲಾದವರು ಗುದ್ದಾಡಿ ತಂದ ತಿದ್ದುಪಡಿ ಅದು. ಸಿನಿಮಾದವರಿಗೆ ಹೋರಾಡುವ ಬಾಯಿತ್ತು, ಹೋರಾಡಿದರು. ಫಲ ಮಾತ್ರ ಕಾಗದದ ಮೇಲೆ ಎಲ್ಲರಿಗೂ ಇದೆ. ಸ್ವಂತ ಪದ ಕಟ್ಟಿದವರು, ರಾಗ ಹಾಕಿದವರು ರಾಯಲ್ಟಿಯ ಸಮಪಾಲನ್ನು ಬರೆದುಕೊಡುವಂತೆಯೇ ಇಲ್ಲ. ಬರೆದುಕೊಟ್ಟಿದ್ದರೂ ಅಂಥ ಕರಾರು ನಿಲ್ಲದು. ಹಾಡಿದವರಿಗೆ, ಅದು ತಾತನ ಕಾಲದ ಪದವೇ ಆಗಿರಲಿ, ತಮ್ಮ ಹಾಡಿಕೆಯನ್ನು ವ್ಯಾಪಾರಕ್ಕೆ ಬಳಸಿದಾಗ ರಾಯಲ್ಟಿ ಕೇಳುವ ಹಕ್ಕಿದೆ. ಹಾಡಿದವರೆಂದು ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ.

ಇನ್ನು ಕರಾರು ಕಾಗದ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ, ಎಷ್ಟು ಹಣ ಎಂಬುದೆಲ್ಲ ಅದರಲ್ಲಿರಬೇಕೆಂದು ಕಾಯಿದೆಯ 19ನೆಯ ಕಲಮು ಹೇಳುತ್ತದೆ. ಅವಧಿ ಬರೆಯದಿದ್ದರೆ ಐದೇ ವರ್ಷ. ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಹಕ್ಕು ಪಡೆದವನು ಒಂದು ವರ್ಷದೊಳಗೆ ಅದನ್ನು ಬಳಸದೆ ಇಟ್ಟುಕೊಂಡರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಅದು ಬಿದ್ದುಹೋಗುತ್ತದೆ. 1995ರ ಮೇ 10ರಿಂದ ಈಚೆಗೆ ಆದ ಕಾಗದಗಳಿಗೆಲ್ಲ ಈ ನಿಯಮಗಳು ಅನ್ವಯಿಸುತ್ತವೆ. ಮದ್ದೂರು, ಮಳವಳ್ಳಿ ಕಡೆಯ ಎಷ್ಟು ಹಾಡುಗಾರರ ಟ್ರಂಕಿನ ತಳದಲ್ಲಿ ಇಂಗ್ಲಿಷಿನಲ್ಲಿ ಬರೆದ, ಓದದೆ ಹೆಬ್ಬೆಟ್ಟು ಒತ್ತಿದ ಕ್ಯಾಸೆಟ್ಟು ಕಂಪೆನಿಯ ಕಾಗದಗಳು ಬಿದ್ದಿವೆಯೋ! ಅವನ್ನು ಹೊರತೆಗೆದು, ಓದಬಲ್ಲವರಿಂದ ಓದಿಸಿ, ಎಷ್ಟು ವರ್ಷಕ್ಕೆಂದು ಬರೆದಿದೆಯೋ ಮೊದಲು ಅದನ್ನು ನೋಡಿ.